ಈಗಿನ ಹಾಡುಗಳಿಗಿಂತ ಸಿಂಫೊನಿಯೇ ಹತ್ತಿರ ಅನ್ನಿಸುವವರು ಇಲ್ಲಿ ಯಾರಾದರೂ ಇದ್ದೀರಾ?

ಮಂದ್ರಸ್ಥಾಯಿ (ಚರ್ಚೆ ಆರಂಭಿಸಿದವರು)

ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ಹೋದ ವಾರ ನಡೆದ ಒಂದು ಸಣ್ಣ ಸಂಗತಿಯಿಂದ ಇವತ್ತು ಬರೆಯಲೇಬೇಕು ಅನ್ನಿಸಿತು.

ಸ್ನೇಹಿತನೊಬ್ಬ ನನ್ನ ಹೆಡ್‌ಫೋನ್ ಎತ್ತಿಕೊಂಡು ಕಿವಿಗೆ ಹಾಕಿಕೊಂಡ. ಜರ್ಮನ್ ರಚನಕಾರ ಬ್ರಾಮ್ಸ್‌ನ ಮೊದಲ ಸಿಂಫೊನಿ (ಆರ್ಕೆಸ್ಟ್ರಾಗಾಗಿ ಬರೆದ, ಸಾಮಾನ್ಯವಾಗಿ ನಾಲ್ಕು ಭಾಗಗಳ ಉದ್ದನೆಯ ರಚನೆ) ಓಡುತ್ತಿತ್ತು. ಅರ್ಧ ನಿಮಿಷ ಕೇಳಿ ವಾಪಸು ಕೊಟ್ಟ. “ಇದರಲ್ಲಿ ಏನೂ ಆಗ್ತಾನೇ ಇಲ್ಲವಲ್ಲೋ” ಅಂದ. ಗೇಲಿಯಲ್ಲ, ನಿಜವಾಗಿಯೇ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ಅದನ್ನು ಬರೆದು ಮುಗಿಸಲು ಬ್ರಾಮ್ಸ್‌ಗೆ ಸುಮಾರು 20 ವರ್ಷ ಹಿಡಿಯಿತು, 1876ರಲ್ಲಿ ಮೊದಲ ಸಲ ನುಡಿಸಿದರು ಅಂತ ಹೇಳಬಹುದಿತ್ತು. ಆದರೆ ಅವನು ಕೇಳಿದ್ದು ಅದನ್ನಲ್ಲ.

ಒಂದು ವಾರ ಯೋಚಿಸಿದ ಮೇಲೆ ನನ್ನ ಉತ್ತರ ಇದು. (ಆರ್ಕೆಸ್ಟ್ರಾ ಅಂದ ಕೂಡಲೇ ವೇದಿಕೆಯ ಮೇಲೆ ಸಿನಿಮಾ ಹಾಡು ಹಾಡುವ ತಂಡ ನೆನಪಾಗುವುದು ಸಹಜ. ನಾನು ಹೇಳುತ್ತಿರುವುದು 70ರಿಂದ 100 ವಾದಕರು ಕೂತು ನುಡಿಸುವ ಸಿಂಫೊನಿ ಆರ್ಕೆಸ್ಟ್ರಾ ಬಗ್ಗೆ.)

ಬೀಥೋವನ್‌ನ ಐದನೇ ಸಿಂಫೊನಿಯ ಮೊದಲ ನಾಲ್ಕು ಸ್ವರ ಎಲ್ಲರಿಗೂ ಗೊತ್ತು. ಮೂರು ಗಿಡ್ಡ, ಒಂದು ಉದ್ದ. ಅಷ್ಟು ಕೇಳಿ ಅಲ್ಲಿಗೇ ಬಿಟ್ಟವರೇ ಹೆಚ್ಚು. ಆ ನಾಲ್ಕು ಸ್ವರದ ಲಯ ಮೂರನೇ ಭಾಗದಲ್ಲಿ ಹಾರ್ನ್‌ಗಳಲ್ಲಿ ಮತ್ತೆ ಬರುತ್ತದೆ, ಗಟ್ಟಿಯಾಗಿ, ಹೆಜ್ಜೆ ಹಾಕುವ ಹಾಗೆ. ಅದೇ ಭಾಗದ ಕೊನೆಗೆ ಎಲ್ಲರೂ ದನಿ ಇಳಿಸುತ್ತಾರೆ. ತಂತಿವಾದ್ಯಗಳು ಒಂದೇ ಸ್ವರ ಹಿಡಿದು ನಿಲ್ಲುತ್ತವೆ. ಟಿಂಪನಿ ಎಂಬ ದೊಡ್ಡ ನಗಾರಿ ಮಾತ್ರ ಎದೆಬಡಿತದ ಹಾಗೆ ಮೆಲ್ಲಗೆ ಬಡಿಯುತ್ತಿರುತ್ತದೆ, ಮೇಲೆ ಪಿಟೀಲುಗಳು ಕತ್ತಲಲ್ಲಿ ದಾರಿ ಹುಡುಕುತ್ತವೆ. ನಡುವೆ ನಿಲ್ಲಿಸದೆ ಹಾಗೇ ನಾಲ್ಕನೇ ಭಾಗ ಸಿ ಮೇಜರ್ ಎಂಬ ಬೆಳಕಿನಂಥ ಸ್ವರಶ್ರೇಣಿಯಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೂ ಸುಮ್ಮನೆ ಕೂತಿದ್ದ ಟ್ರಾಂಬೋನ್‌ಗಳು, ಪಿಕಲೊ, ಕಾಂಟ್ರಬಸೂನ್ ಎಂಬ ಊದುವ ವಾದ್ಯಗಳು ಆಗ ಮೊದಲ ಸಲ ಬಾಯಿ ತೆರೆಯುತ್ತವೆ.

ನಾಲ್ಕನೇ ಭಾಗ ಒಂದನ್ನೇ ಹಾಕಿಕೊಂಡು ಕೇಳಿದರೆ ಅದು ಬರೀ ದೊಡ್ಡ ಸಂಭ್ರಮ. ಮೊದಲಿಂದ ಕೂತು ಕೇಳಿದರೆ ಪ್ರತಿ ಸಲ ನನ್ನ ಕಣ್ಣು ತುಂಬುತ್ತದೆ. ಇನ್ನೂ ಒಂದಿದೆ. ಆ ಸಂಭ್ರಮದ ನಡುವೆ ಮೂರನೇ ಭಾಗದ ಕತ್ತಲೆ ಮತ್ತೆ ಒಂದು ಸಲ ಇಣುಕಿ ಹೋಗುತ್ತದೆ, ಈ ಸಲ ದೂರದಿಂದ ಕೇಳಿದಂತೆ. ಇಂಥದ್ದು ನಡೆಯಬೇಕಾದರೆ ಅರ್ಧ ಗಂಟೆ ಬೇಕು, ಹಿಂದಿನದನ್ನು ನೆನಪಿಟ್ಟುಕೊಂಡ ಕೇಳುಗ ಬೇಕು. ಈಗಿನ ಹಾಡುಗಳಲ್ಲಿ ಪಲ್ಲವಿ ಮೂರು ಸಲ ಬಂದರೆ ಮೂರು ಸಲವೂ ಅದೇ ಪಲ್ಲವಿ. ಕಂಪ್ಯೂಟರಿನಲ್ಲಿ ನಕಲು ಮಾಡಿ ಅಂಟಿಸಿದ್ದು. ಸಿಂಫೊನಿಯಲ್ಲಿ ತಿರುಗಿ ಬಂದದ್ದು ಹೋದಾಗ ಇದ್ದ ಹಾಗೆ ಇರುವುದಿಲ್ಲ. ನನ್ನನ್ನು ಹಿಡಿದಿಟ್ಟಿರುವುದು ಅದೊಂದೇ.

ನಿಮಗೆ ಹೇಗೆ?

ಏಕಾಂತಿ

ನನಗೆ 19 ವರ್ಷ. ಕಾಲೇಜಿನಲ್ಲಿ “ಏನು ಕೇಳ್ತಿದ್ದೀಯಾ” ಅಂತ ಯಾರಾದರೂ ಕೇಳಿದರೆ ಬೇರೇನೋ ಹೆಸರು ಹೇಳುತ್ತೇನೆ. ನಿಜ ಹೇಳಿದರೆ ದೊಡ್ಡಸ್ತಿಕೆ ತೋರಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ ಅನ್ನುವ ಭಯ. ದ್ವೊರ್ಝಾಕ್‌ನ ಒಂಬತ್ತನೇ ಸಿಂಫೊನಿಯ ಎರಡನೇ ಭಾಗದಲ್ಲಿ ಕಾರ್ ಆಂಗ್ಲೆ ಎಂಬ ಊದುವ ವಾದ್ಯ ಹಾಡುವ ಆ ಮಟ್ಟು ಕೇಳದೆ ನನಗೆ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಇದನ್ನು ನಾನು ಬರೆದದ್ದು ಇಲ್ಲೇ ಮೊದಲು.

ತಾಳಪ್ರಿಯೆ

ಮಂದ್ರಸ್ಥಾಯಿ ಅವರೇ, ಐದನೇ ಸಿಂಫೊನಿ ಬಗ್ಗೆ ನೀವು ಬರೆದದ್ದು ಮನಸ್ಸಿಗೆ ಹಿಡಿಸಿತು. ಆದರೆ ‘ನಕಲು ಮಾಡಿ ಅಂಟಿಸಿದ್ದು’ ಅನ್ನುವ ಮಾತಿಗೆ ನನ್ನ ತಕರಾರಿದೆ.

ನಾನು ನೃತ್ಯ ಕಲಿಸುವವಳು. ಮತ್ತೆ ಮತ್ತೆ ಬರುವುದು ಬಡತನದ ಲಕ್ಷಣವಲ್ಲ. ಮೈ ಒಂದು ಲಯಕ್ಕೆ ಒಗ್ಗಬೇಕಾದರೆ ಅದು ಮತ್ತೆ ಬರಲೇಬೇಕು. ನಿಮ್ಮದೇ ಕಡೆಯಿಂದ ಉದಾಹರಣೆ ಕೊಡುತ್ತೇನೆ: ರವೇಲ್‌ನ ಬೊಲೆರೊ, 1928. ಸ್ನೇರ್ ಡ್ರಮ್ ಒಂದೇ ಲಯವನ್ನು ಮೊದಲಿಂದ ಕೊನೆಯವರೆಗೆ ಬಿಡದೆ ಬಾರಿಸುತ್ತದೆ. ಇರುವುದು ಎರಡೇ ಮಟ್ಟು, ಸುಮಾರು 15 ನಿಮಿಷ ಅವೇ. ಬರೆದದ್ದೂ ನೃತ್ಯಕ್ಕೆ. ಅದನ್ನು ಸಿಂಫೊನಿ ಸಭಾಂಗಣದಲ್ಲಿ ಕೂತು ಮೆಚ್ಚುವವರು, ಒಂದು ಹಾಡಿನಲ್ಲಿ ಬೀಟ್ ಬದಲಾಗಲಿಲ್ಲ ಅಂತ ಯಾಕೆ ದೂರುತ್ತಾರೆ? ಯೊಹಾನ್ ಸ್ಟ್ರಾಸ್‌ನ ವಾಲ್ಟ್ಸ್‌ಗಳು ಅವನ ಕಾಲದಲ್ಲಿ ಕುಣಿಯುವ ಹಾಡುಗಳೇ. ಜನ ಮೈಮರೆತು ಕುಣಿದರು, ಹಿರಿಯರು ಮುಖ ಸಿಂಡರಿಸಿದರು. ಇವತ್ತು ಅವು ಶಾಸ್ತ್ರೀಯ ಸಂಗೀತದ ಕಪಾಟಿನಲ್ಲಿವೆ.

ಇನ್ನೊಂದು ವಿಷಯ. ಒಬ್ಬ ಗಾಯಕಿ ಮೈಕಿಗೆ ತೀರ ಹತ್ತಿರ ಬಂದು ಉಸಿರಿನಲ್ಲೇ ಹಾಡಿದ್ದು ಕೇಳಿದಾಗ ಅವಳು ನನ್ನೊಬ್ಬಳಿಗೇ ಹೇಳುತ್ತಿದ್ದಾಳೆ ಅನ್ನಿಸುತ್ತದೆ. ನೂರು ಜನರ ಆರ್ಕೆಸ್ಟ್ರಾ ಅದನ್ನು ಕೊಡಲಾರದು. ಮೈಕ್ರೊಫೋನ್ ಬರುವ ಮೊದಲು ಅಂಥ ಹಾಡುಗಾರಿಕೆ ದೊಡ್ಡ ಸಭೆಗೆ ತಲುಪುತ್ತಲೇ ಇರಲಿಲ್ಲ.

ಮಂದ್ರಸ್ಥಾಯಿ

ಬೊಲೆರೊ ವಿಷಯದಲ್ಲಿ ನೀವು ಹೇಳಿದ್ದು ಸರಿ. ನಕಲು, ಅಂಟು ಅನ್ನುವ ಮಾತು ವಾಪಸು ತೆಗೆದುಕೊಳ್ಳುತ್ತೇನೆ. ನನಗೆ ಇಷ್ಟವಾಗದ ಕೆಲವು ಹಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಎಲ್ಲದಕ್ಕೂ ಸೇರಿಸಿ ಬರೆದುಬಿಟ್ಟೆ.

ಒಂದು ಮಾತ್ರ ಸೇರಿಸುತ್ತೇನೆ. ಬೊಲೆರೊದಲ್ಲಿ ಮಟ್ಟು ಅದೇ ಆದರೂ ಮೊದಲ ಸಲ ಒಂದೇ ಫ್ಲೂಟ್, ಆಮೇಲೆ ಕ್ಲಾರಿನೆಟ್, ಆಮೇಲೆ ಬಸೂನ್, ಹೀಗೆ ಕೈಯಿಂದ ಕೈಗೆ ಹೋಗುತ್ತಾ ದಪ್ಪವಾಗುತ್ತದೆ. ಅಷ್ಟು ಹೊತ್ತು ಸಿ ಮೇಜರ್‌ನಲ್ಲೇ ಇದ್ದದ್ದು ಕೊನೆಯ ಹತ್ತಿರ ಥಟ್ಟನೆ ಇ ಮೇಜರ್‌ಗೆ ಜಿಗಿದಾಗ ಕುರ್ಚಿಯಿಂದ ಎದ್ದ ಹಾಗಾಗುತ್ತದೆ. ಅದಕ್ಕಾಗಿಯೇ ಅಷ್ಟು ಹೊತ್ತು ನಮ್ಮನ್ನು ಒಂದೇ ಕಡೆ ಕೂರಿಸಿದ್ದು.

ಮೈಕಿನ ಹತ್ತಿರದ ಉಸಿರು, ಅದನ್ನು ಒಪ್ಪುತ್ತೇನೆ. ಅದಕ್ಕೆ ಎದುರಾಗಿ ಇಡಲು ನನ್ನ ಹತ್ತಿರ ಏನೂ ಇಲ್ಲ.

ಧ್ವನಿಮೇಜು

ನನ್ನದು ಧ್ವನಿಮುದ್ರಣದ ಕೆಲಸ. ಹಗಲು ಹಾಡು ಮಿಕ್ಸ್ ಮಾಡುತ್ತೇನೆ, ರಾತ್ರಿ ಸಿಂಫೊನಿ ಕೇಳುತ್ತೇನೆ. ಎರಡೂ ಕಡೆಯಿಂದ ಕಂಡದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದವಾದೀತು.

ಹಾಡು ಮೂರು ನಿಮಿಷದ್ದಾಗುವುದರಲ್ಲಿ ಗ್ರಾಮಫೋನ್ ತಟ್ಟೆಯ ಅಳತೆಯ ಪಾತ್ರ ದೊಡ್ಡದು. ನಿಮಿಷಕ್ಕೆ 78 ಸುತ್ತಿನ, 10 ಅಂಗುಲದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದೇ ಸುಮಾರು 3 ನಿಮಿಷ. 1913ರಲ್ಲಿ ಆರ್ಥರ್ ನಿಕಿಶ್ ಬರ್ಲಿನ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾವನ್ನು ನಡೆಸಿ ಅದೇ ಐದನೇ ಸಿಂಫೊನಿಯನ್ನು ಮುದ್ರಿಸಿದಾಗ ಅದನ್ನು ತುಂಡು ಮಾಡಿ ಹಲವು ಬದಿಗಳಿಗೆ ಹಂಚಬೇಕಾಯಿತು. ಮೂರನೇ ಭಾಗ ನಿಲ್ಲದೆ ನಾಲ್ಕನೆಯದಕ್ಕೆ ದಾಟುತ್ತದೆ ಅಂತ ಬರೆದಿರಲ್ಲ, ಅಂಥ ಸಿಂಫೊನಿಯನ್ನು ಆ ಕಾಲದ ಕೇಳುಗರು ಎದ್ದೆದ್ದು ಹೋಗಿ ತಟ್ಟೆ ಬದಲಿಸುತ್ತಾ ಕೇಳಿದರು. 1948ರಲ್ಲಿ ಎಲ್‌ಪಿ (ಹೆಚ್ಚು ಹೊತ್ತು ಓಡುವ ತಟ್ಟೆ) ಬಂದಮೇಲೆ ಒಂದು ಬದಿಗೆ 20 ನಿಮಿಷಕ್ಕೂ ಹೆಚ್ಚು ಸಿಕ್ಕಿತು. ಅಷ್ಟು ಹೊತ್ತಿಗೆ ಹಾಡಿಗೆ ಮೂರು ನಿಮಿಷ ರೂಢಿಯಾಗಿಬಿಟ್ಟಿತ್ತು.

ಈಗ ಇನ್ನೊಂದು ಗಡಿ ಬಂದಿದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ನನ್ನ ಹತ್ತಿರ ಬರುವ ಹುಡುಗರು “ಸಾರ್, ಇಂಟ್ರೊ ಕತ್ತರಿಸಿ, ಹುಕ್ ಮುಂದಕ್ಕೆ ತನ್ನಿ” ಅನ್ನುತ್ತಾರೆ (ಹುಕ್ ಅಂದರೆ ಕಿವಿಗೆ ಅಂಟಿಕೊಳ್ಳುವ ಸಾಲು). ಅವರ ಹೊಟ್ಟೆಪಾಡು ಅದರ ಮೇಲಿದೆ, ತಪ್ಪು ಹೇಳಲಾರೆ. ಬ್ರಾಮ್ಸ್‌ನನ್ನು ಅರ್ಧ ನಿಮಿಷದಲ್ಲಿ ವಾಪಸು ಕೊಟ್ಟ ನಿಮ್ಮ ಸ್ನೇಹಿತರ ಕಿವಿಯನ್ನು ತಿದ್ದಿದವರು ನಮ್ಮಂಥವರೇ.

ಇದಕ್ಕಿಂತ ನನಗೆ ಹೆಚ್ಚು ನೋವು ಕೊಡುವುದು ಗಟ್ಟಿದನಿಯ ಪೈಪೋಟಿ. ಕಂಪ್ರೆಸರ್, ಲಿಮಿಟರ್ ಅಂತ ಇವೆ. ಹಾಡಿನಲ್ಲಿ ಜೋರಾಗಿ ಏಳುವ ತುದಿಗಳನ್ನು ಅದುಮುತ್ತವೆ. ಆಮೇಲೆ ಇಡೀ ಹಾಡನ್ನೇ ಮೇಲಕ್ಕೆ ಎತ್ತಬಹುದು. ಪಿಸುಮಾತೂ ಕೂಗೂ ಒಂದೇ ಎತ್ತರಕ್ಕೆ ಬರುತ್ತವೆ. 1990ರ ದಶಕದಿಂದ ‘ನಮ್ಮ ಹಾಡು ಪಕ್ಕದ ಹಾಡಿಗಿಂತ ಜೋರಾಗಿರಬೇಕು’ ಅನ್ನುವ ಹಟ ವಿಪರೀತವಾಯಿತು. ಸಿಡಿಯಲ್ಲಿ ಮೆಲ್ಲನೆಯದಕ್ಕೂ ಜೋರಿಗೂ ನಡುವೆ ಸುಮಾರು 96 ಡೆಸಿಬೆಲ್ ಜಾಗ ಇದೆ. ಅಷ್ಟು ದೊಡ್ಡ ಮನೆ ಕಟ್ಟಿ ಅಟ್ಟದ ಮೇಲಷ್ಟೇ ಬದುಕಿದೆವು. ಈಗ ಸ್ಟ್ರೀಮಿಂಗ್‌ನಲ್ಲಿ ಎಲ್ಲ ಹಾಡುಗಳನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತಾರೆ, ಅದುಮುವುದರಿಂದ ಮೊದಲಿನ ಲಾಭವಿಲ್ಲ. ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಚೈಕೋವ್‌ಸ್ಕಿಯ ಆರನೇ ಸಿಂಫೊನಿ ತೆಗೆದುಕೊಳ್ಳಿ. 1893ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವನೇ ನಿಂತು ನುಡಿಸಿಸಿದ, ಒಂಬತ್ತು ದಿನಕ್ಕೆ ತೀರಿಕೊಂಡ. ಮೊದಲ ಭಾಗದ ನಡುವೆ ದನಿ ಇಳಿದು ಇಳಿದು ಕೊನೆಗೆ ಬಸೂನ್ ಒಂದೇ ಉಳಿಯುತ್ತದೆ. ಅದಕ್ಕೆ ಅವನು ಆರು ‘ಪಿ’ ಬರೆದಿದ್ದಾನೆ. ಒಂದು ಪಿ ಅಂದರೆ ಮೆಲ್ಲಗೆ. ಆರು ಅಂದರೆ ಇದೆಯೋ ಇಲ್ಲವೋ ಅನ್ನುವಷ್ಟು. ಬಸೂನ್‌ನಲ್ಲಿ ಅಷ್ಟು ಮೆಲ್ಲಗೆ ಊದುವುದು ಬಲು ಕಷ್ಟ, ಅದಕ್ಕೆ ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಆ ಕೆಲವು ಸ್ವರಗಳನ್ನು ಬಾಸ್ ಕ್ಲಾರಿನೆಟ್‌ಗೆ ಕೊಡುತ್ತಾರೆ. ಆ ದನಿ ಆರಿದ ಮರುಕ್ಷಣ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಅಪ್ಪಳಿಸುತ್ತದೆ. ಎಷ್ಟು ಸಲ ಕೇಳಿದ್ದರೂ ಮೈ ಜುಮ್ಮೆನ್ನುತ್ತದೆ. ಅದನ್ನು ಒಂದು ಹಾಡಿನ ಹಾಗೆ ಅದುಮಿದರೆ ಆ ಜಾಗದಲ್ಲಿ ಏನೂ ಆಗುವುದೇ ಇಲ್ಲ.

ಕೇಳುವವರಿಗೆ ಒಂದು ಮಾತು. ಬಸ್ಸಿನಲ್ಲಿ, ಟ್ರಾಫಿಕ್ಕಿನಲ್ಲಿ ಇದನ್ನು ಹಾಕಬೇಡಿ. ಮೆಲ್ಲನೆಯದು ಕೇಳಿಸಲಿ ಅಂತ ವಾಲ್ಯೂಮ್ ಏರಿಸುತ್ತೀರಿ, ಮರುಕ್ಷಣ ಕಿವಿಗೆ ಪೆಟ್ಟು. ಸದ್ದಿಲ್ಲದ ಕೋಣೆ ಸಿಕ್ಕಿದ ದಿನಕ್ಕೆ ಎತ್ತಿಟ್ಟುಕೊಳ್ಳಿ.

ಪುಟ್ಟನ_ಅಪ್ಪ

ಶಾಸ್ತ್ರೀಯ ಸಂಗೀತ ಕೇಳಿದರೆ ಮಕ್ಕಳ ಬುದ್ಧಿ ಚುರುಕಾಗುತ್ತದಂತಲ್ಲ. ನಾವು ಮಗ ಹುಟ್ಟಿದಾಗಿನಿಂದ ದಿನಾ ಮೊಜಾರ್ಟ್ ಹಾಕುತ್ತೇವೆ. ಈಗಿನ ಹಾಡುಗಳಿಗಿಂತ ಇದು ಮೇಲು ಅನ್ನಲು ಅದೊಂದು ಕಾರಣ ಸಾಲದೇ?

ಲೆಕ್ಕಪಕ್ಕಾ

ಅಪ್ಪನವರೇ, ಬೇಸರ ಮಾಡಿಕೊಳ್ಳಬೇಡಿ. ಆ ಮಾತಿನ ಬೇರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಪ್ರಯೋಗ. ಕೇಳಿದವರು 36 ಕಾಲೇಜು ವಿದ್ಯಾರ್ಥಿಗಳು, ಮಕ್ಕಳಲ್ಲ. ಕೇಳಿದ್ದು ಮೊಜಾರ್ಟ್‌ನ ಎರಡು ಪಿಯಾನೊಗಳ ಸೊನಾಟಾವನ್ನು, 10 ನಿಮಿಷ. ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವಂಥ ಪರೀಕ್ಷೆಯಲ್ಲಿ ಸ್ವಲ್ಪ ಹೊತ್ತು ಚೆನ್ನಾಗಿ ಮಾಡಿದರು, ಕಾಲು ಗಂಟೆಯೊಳಗೆ ಅದೂ ಇಳಿಯಿತು. ಮನಸ್ಸನ್ನು ಉಲ್ಲಾಸಗೊಳಿಸುವ ಬೇರೆ ಏನನ್ನು ಕೇಳಿದರೂ ಹೆಚ್ಚುಕಡಿಮೆ ಹಾಗೇ ಆಗುತ್ತದೆ ಅಂತ ಆಮೇಲೆ ಕಂಡುಬಂತು. ಅಷ್ಟರಲ್ಲಿ ಅದು ‘ಮಗುವಿನ ಬುದ್ಧಿ’ ಅಂತ ಹಬ್ಬಿಯಾಗಿತ್ತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಸಂಗೀತ ಹಂಚಲು ಬಜೆಟ್‌ನಲ್ಲಿ ಹಣ ಕೇಳಿದರು.

ಮೊಜಾರ್ಟ್ ಹಾಕುವುದನ್ನು ಬಿಡಬೇಡಿ. ಹುಡುಗ ತಲೆದೂಗುತ್ತಾನಾ ನೋಡಿ, ಅಷ್ಟು ಸಾಕು.

ಇದೇ ಸಂದರ್ಭದಲ್ಲಿ ಇನ್ನೊಂದು ಅಧ್ಯಯನ. 2012ರಲ್ಲಿ ಸ್ಪೇನ್‌ನ ಸಂಶೋಧಕರು 1955ರಿಂದ 2010ರವರೆಗಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನಪ್ರಿಯ ಹಾಡುಗಳನ್ನು ಕಂಪ್ಯೂಟರಿನಿಂದ ಅಳೆದರು. ದನಿಯ ಬಣ್ಣಗಳ ವೈವಿಧ್ಯ ಕಡಿಮೆಯಾಗಿದೆ, ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಹೋಗುವ ದಾರಿಗಳು ಕಿರಿದಾಗಿವೆ, ಗಟ್ಟಿತನ ಏರುತ್ತಾ ಬಂದಿದೆ ಅಂತ ಕಂಡರು. ಧ್ವನಿಮೇಜು ಅವರು ಕಿವಿಯಿಂದ ಹೇಳಿದ್ದಕ್ಕೆ ಅದು ಹೊಂದುತ್ತದೆ. ಆದರೆ ಅಲ್ಲಿ ಅಳೆದದ್ದು ಸ್ವರ, ಬಣ್ಣ, ಗಟ್ಟಿತನ. ಹಾಡಿನ ಸಾಹಿತ್ಯವನ್ನಾಗಲಿ, ತಾಳಪ್ರಿಯೆ ಅವರು ಹೇಳಿದ ಆ ಉಸಿರನ್ನಾಗಲಿ ಅಳೆದಿಲ್ಲ.

ಶ್ರುತಿಪೆಟ್ಟಿಗೆ

ನಾನು ಹಿಂದೂಸ್ತಾನಿ ಕೇಳುತ್ತಾ ಬೆಳೆದವಳು. ‘ತಿರುಗಿ ಬಂದದ್ದು ಹೋದಾಗ ಇದ್ದ ಹಾಗೆ ಇರುವುದಿಲ್ಲ’ ಅನ್ನುವ ಮಾತು ಓದಿ ನಿಂತುಬಿಟ್ಟೆ. ನಮ್ಮಲ್ಲಿ ಅದು ಸಮ್, ಅಂದರೆ ತಾಳ ಶುರುವಾಗುವ ಜಾಗ. ವಿಲಂಬಿತ (ನಿಧಾನಗತಿಯ) ಏಕತಾಲದಲ್ಲಿ ತಾಳದ ಒಂದು ಸುತ್ತೇ ಒಂದು ನಿಮಿಷದ ಹತ್ತಿರ ಹೋಗುತ್ತದೆ. ಪ್ರತಿ ಸಲವೂ ಬಂದಿಶಿನ (ಹಾಡುವ ರಚನೆಯ) ಅದೇ ಮುಖಡಾ (ಮೊದಲ ತುಣುಕು) ಹಿಡಿದು ಸಮ್‌ಗೆ ಬರುತ್ತಾರೆ, ಆದರೆ ಬಂದ ದಾರಿ ಬೇರೆ. ಒಮ್ಮೆ ಮಂದ್ರದ ಆಳದಿಂದ ಎದ್ದು ಬಂದಿರುತ್ತಾರೆ, ಒಮ್ಮೆ ತಾರಷಡ್ಜದಲ್ಲಿ ನಿಂತು ಇಳಿದಿರುತ್ತಾರೆ. ಮನೆ ಅದೇ, ಮನೆಗೆ ಬಂದವನು ಅವನೇ ಅಲ್ಲ.

ಸಿಂಫೊನಿ ನನಗೆ ಸುಲಭವಾಗಿ ಒಲಿಯಲಿಲ್ಲ. ತಂಬೂರಿ ಒಂದೇ ಷಡ್ಜವನ್ನು ಹಿಡಿದುಕೊಂಡಿರುವ ಸಂಗೀತದಲ್ಲಿ ಬೆಳೆದ ಕಿವಿ ಇದು. ಸಿಂಫೊನಿಯಲ್ಲಿ ಆಧಾರಸ್ವರವೇ ಜಾಗ ಬದಲಿಸುತ್ತದೆ. ಕಾಲ ಕೆಳಗಿನ ನೆಲ ಸರಿದ ಹಾಗಾಗುತ್ತಿತ್ತು. ರಾಗ ಹುಡುಕಲು ಹೋಗಿ ಸೋತೆ. ಪಿಟೀಲು ಕಲಿತ ಗೆಳತಿಯೊಬ್ಬಳು ಹೇಳಿದಳು: ಮೇಲಿನ ಮಟ್ಟನ್ನು ಬಿಡು, ಚೆಲ್ಲೊ ಮತ್ತು ಡಬಲ್ ಬಾಸ್ ಏನು ಮಾಡುತ್ತಿವೆ ಅದನ್ನು ಹಿಡಿ. ಆರು ತಿಂಗಳು ಕೆಳಗಿನದನ್ನೇ ಕೇಳಿದೆ. ಒಂದು ದಿನ ನೆಲ ಸರಿಯುವುದೇ ಇಲ್ಲಿ ನಡಿಗೆ ಅಂತ ಹೊಳೆಯಿತು.

ಎರಡೂ ಕಿವಿ ಒಬ್ಬರಲ್ಲೇ ಇರಬಹುದು ಅನ್ನುವುದಕ್ಕೆ ಜಯಚಾಮರಾಜ ಒಡೆಯರ್ ನೆನಪಾಗುತ್ತಾರೆ. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಅವರೇ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಲಂಡನ್ನಿನಲ್ಲಿ ಕಾಯಿಲೆಯಿಂದ, ಮರೆವಿಗೆ ಸಂದವರಂತೆ ಬದುಕುತ್ತಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚೆರ್ಟೊವನ್ನು (ಪಿಯಾನೊಗೆ ಆರ್ಕೆಸ್ಟ್ರಾ ಜೊತೆಯಾಗುವ ರಚನೆ) ಅವರಿಗೆ ಅರ್ಪಿಸಿದರು. ಆ ಧ್ವನಿಮುದ್ರಣಗಳಲ್ಲಿ ಮೆಟ್ನರ್ ಅವರದೇ ಬೆರಳುಗಳಿವೆ. ಆಗ ಆ ದುಡ್ಡು ಬರದೇ ಇದ್ದಿದ್ದರೆ ಅದನ್ನು ನಾವು ಕೇಳುತ್ತಿರಲಿಲ್ಲ.

ಎರಡನೇ_ಪಿಟೀಲು

ಚೈಕೋವ್‌ಸ್ಕಿಯ ಆರನೆಯದರ ಹೆಸರು ಬಂದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ನಾನು ಹವ್ಯಾಸಿ ಆರ್ಕೆಸ್ಟ್ರಾ ಒಂದರಲ್ಲಿ ಎರಡನೇ ಪಿಟೀಲುಗಳ ಸಾಲಿನಲ್ಲಿ, ಹಿಂದಿನ ಕುರ್ಚಿಯಲ್ಲಿ ಕೂರುತ್ತೇನೆ. ನಮಗೆ ಮಟ್ಟು ಸಿಗುವುದು ಅಪರೂಪ. ಮೊದಲ ಪಿಟೀಲುಗಳು ಹಾಡುತ್ತಿರುತ್ತವೆ, ನಾವು ಕೆಳಗೆ ತುಂಬುತ್ತಿರುತ್ತೇವೆ.

ಆ ಸಿಂಫೊನಿಯ ಕೊನೆಯ ಭಾಗ ದುಃಖದಿಂದ ಜಾರಿ ಇಳಿಯುವ ಒಂದು ಸಾಲಿನಿಂದ ಶುರುವಾಗುತ್ತದೆ. ಅಭ್ಯಾಸಕ್ಕೆ ನಮ್ಮ ಹಾಳೆ ಮೊದಲ ಸಲ ಬಂದಾಗ ಮನೆಯಲ್ಲಿ ಒಬ್ಬಳೇ ನುಡಿಸಿ ನೋಡಿದೆ. ಏನೂ ಅರ್ಥವಾಗಲಿಲ್ಲ. ಮೇಲೆ ಕೆಳಗೆ ಅಡ್ಡಾದಿಡ್ಡಿ ಜಿಗಿಯುವ ಸ್ವರಗಳು, ನನಗೆ ಗೊತ್ತಿದ್ದ ಆ ಮಟ್ಟು ಅಲ್ಲಿ ಎಲ್ಲೂ ಇಲ್ಲ. ಮೊದಲ ಪಿಟೀಲಿನವರನ್ನು ಕೇಳಿದೆ. ಅವರ ಹಾಳೆಯಲ್ಲೂ ಇಲ್ಲ!

ಚೈಕೋವ್‌ಸ್ಕಿ ಆ ಸಾಲಿನ ಒಂದು ಸ್ವರವನ್ನು ಅವರಿಗೆ, ಮುಂದಿನದನ್ನು ನಮಗೆ, ಹೀಗೆ ಒಂದು ಬಿಟ್ಟು ಒಂದು ಹಂಚಿದ್ದಾನೆ. ಆ ಮಟ್ಟನ್ನು ಯಾರೂ ನುಡಿಸುವುದಿಲ್ಲ. ಎರಡೂ ಸಾಲು ಒಟ್ಟಿಗೆ ನುಡಿಸಿದಾಗ ಗಾಳಿಯಲ್ಲಿ ಅದು ಹುಟ್ಟುತ್ತದೆ. ಮೊದಲ ಅಭ್ಯಾಸದ ದಿನ ಅದು ನಮ್ಮ ನಡುವೆ ಎದ್ದು ನಿಂತಾಗ ನನ್ನ ಬಿಲ್ಲು ನಡುಗಿತು. ಮುಂದೆ ಅದೇ ಸಾಲು ತಿರುಗಿ ಬರುವಾಗ ಪೂರ್ತಿಯಾಗಿ ಮೊದಲ ಪಿಟೀಲುಗಳಿಗೇ ಕೊಟ್ಟಿದ್ದಾನೆ. ಮಂದ್ರಸ್ಥಾಯಿ ಅವರು ಹೇಳುವ ಬದಲಾಗಿ ಬರುವುದು ಅಂದರೆ ಇದು ಕೂಡ. ಕೇಳುವವರ ಕಿವಿಗೆ ಹೆಚ್ಚುಕಡಿಮೆ ಅದೇ ಮಟ್ಟು, ನುಡಿಸುವವರ ಕೈಯಲ್ಲಿ ಬೇರೆ ಬದುಕು.

ನೂರು ಜನ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಲೆನಿನ್‌ಗ್ರಾಡ್ ನಗರವನ್ನು ಜರ್ಮನ್ ಸೇನೆ ಸುತ್ತುಗಟ್ಟಿದ್ದಾಗ ಅಲ್ಲಿನ ರೇಡಿಯೊ ಆರ್ಕೆಸ್ಟ್ರಾದಲ್ಲಿ ನುಡಿಸುವ ಸ್ಥಿತಿಯಲ್ಲಿ ಉಳಿದಿದ್ದವರು ಸುಮಾರು 15 ಜನ. ಉಳಿದವರು ಹಸಿವಿನಿಂದ ಸತ್ತಿದ್ದರು, ಇಲ್ಲವೇ ಏಳಲಾರದೆ ಮಲಗಿದ್ದರು, ಕೆಲವರು ಯುದ್ಧದಲ್ಲಿದ್ದರು. ಶೋಸ್ತಕೋವಿಚ್‌ನ ಏಳನೇ ಸಿಂಫೊನಿಗೆ ಅಷ್ಟು ಜನ ಸಾಲರು. ಸೇನೆಯಲ್ಲಿದ್ದ ವಾದಕರನ್ನು ಕರೆಸಿದರು. ಊದುವವರಿಗೆ ಉಸಿರಿರಲಿಲ್ಲ, ಮೊದಲ ಅಭ್ಯಾಸವನ್ನು ಕಾಲು ಗಂಟೆಗೇ ನಿಲ್ಲಿಸಬೇಕಾಯಿತು. 1942ರ ಆಗಸ್ಟ್ 9ರಂದು ಕಾರ್ಲ್ ಎಲಿಯಾಸ್‌ಬರ್ಗ್ ಅವರ ಕೈಕೆಳಗೆ ಪೂರ್ತಿ ನುಡಿಸಿದರು. ಧ್ವನಿವರ್ಧಕಗಳಲ್ಲಿ ಶತ್ರು ಸೇನೆಗೂ ಕೇಳಿಸಿದರು. ಒಂದು ಹಾಡು ಹಾಡಲು ಒಬ್ಬರು ಸಾಕಿತ್ತು. ಅವರಿಗೆ ಅಷ್ಟು ಜನ ಒಟ್ಟಿಗೆ ಕೂರುವುದೇ ಬೇಕಿತ್ತು.

ಹಳೇಪುಟ

ಇಷ್ಟೆಲ್ಲ ಯಾಕೆ? ಇನ್ನೂರು ವರ್ಷ ಉಳಿದದ್ದು ಒಳ್ಳೆಯದು, ಇವತ್ತಿನದು ನಾಳೆ ಇರುವುದಿಲ್ಲ. ಕಾಲವೇ ಜರಡಿ ಹಿಡಿದಿದೆ.

ತಾಳಪ್ರಿಯೆ

ಎರಡನೇ ಪಿಟೀಲು ಅವರೇ, ನೀವು ಬರೆದದ್ದನ್ನು ನನ್ನ ಶಿಷ್ಯೆಯರಿಗೆ ಓದಿ ಹೇಳಿದೆ. ಯಾರೂ ನುಡಿಸದ ಮಟ್ಟು ಅನ್ನುವುದು ತಲೆಯಿಂದ ಹೋಗುತ್ತಿಲ್ಲ.

ಹಳೇಪುಟ ಅವರೇ, ಆ ಜರಡಿಯ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಬಾಖ್‌ನ ಮ್ಯಾಥ್ಯೂ ಪ್ಯಾಶನ್ ಎಂಬ ದೊಡ್ಡ ಗಾಯನ ಕೃತಿಯನ್ನು 1829ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ಜನರೆದುರಿಗೆ ತಂದದ್ದು 20 ವರ್ಷದ ಮೆಂಡೆಲ್ಸನ್. ಅಲ್ಲಿಯವರೆಗೆ ಅದು ಎಷ್ಟೋ ದಶಕ ಮೂಲೆಯಲ್ಲಿತ್ತು. ಎತ್ತಿ ಹಿಡಿದದ್ದು ಕಾಲವಲ್ಲ, ಒಬ್ಬ ಹುಡುಗ. ಅಂಥ ಹುಡುಗ ಸಿಗದ ಎಷ್ಟು ಕೃತಿಗಳು ಹೋಗಿವೆಯೋ.

ಫ್ಲಾರೆನ್ಸ್ ಪ್ರೈಸ್ ಅವರದು ಇನ್ನೂ ಹತ್ತಿರದ ಕಥೆ. ಅಮೆರಿಕದ ಕಪ್ಪು ಮಹಿಳೆ. 1933ರಲ್ಲಿ ಶಿಕಾಗೊ ಸಿಂಫೊನಿ ಆರ್ಕೆಸ್ಟ್ರಾ ಅವರ ಮೊದಲ ಸಿಂಫೊನಿಯನ್ನು ನುಡಿಸಿತು. 1953ರಲ್ಲಿ ತೀರಿಕೊಂಡರು. 2009ರಲ್ಲಿ, ಒಂದು ಕಾಲದಲ್ಲಿ ಅವರು ಬೇಸಿಗೆ ಕಳೆಯುತ್ತಿದ್ದ ಪಾಳುಬಿದ್ದ ಮನೆಯನ್ನು ಕೊಂಡವರಿಗೆ ಪೆಟ್ಟಿಗೆಗಟ್ಟಲೆ ಹಸ್ತಪ್ರತಿ ಸಿಕ್ಕಿತು. ಮಳೆಗೆ ಸೂರು ಇನ್ನಷ್ಟು ಕುಸಿದಿದ್ದರೆ ಆ ಜರಡಿ ‘ಇದು ಒಳ್ಳೆಯದಲ್ಲ’ ಅಂತ ತೀರ್ಪು ಕೊಟ್ಟಿತು ಅನ್ನುತ್ತಿದ್ದೆವೇ? ವಿಯೆನ್ನಾ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾ ಹೆಂಗಸರನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳಲು ತೀರ್ಮಾನಿಸಿದ್ದು 1997ರಲ್ಲಿ. ಉಳಿದದ್ದೆಲ್ಲ ಶ್ರೇಷ್ಠ ಅನ್ನುವ ಮೊದಲು ಯಾರಿಗೆ ಉಳಿಯಲು ಬಿಟ್ಟರು ಅಂತಲೂ ನೋಡಬೇಕು.

ಮಂದ್ರಸ್ಥಾಯಿ

ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪ್ರೈಸ್ ಅವರ ಮೊದಲ ಸಿಂಫೊನಿಯ ಮೂರನೇ ಭಾಗ ‘ಜುಬಾ’ ಕುಣಿತ. ಗುಲಾಮಗಿರಿಯ ಕಾಲದಲ್ಲಿ ಮೈಯನ್ನೇ ತಟ್ಟಿ ಲಯ ಕಟ್ಟುತ್ತಿದ್ದ ಕುಣಿತ ಅದು. ನಿಮಗೆ ಹಿಡಿಸಬಹುದು.

ಹೊಸಕಿವಿ

ಎಲ್ಲವನ್ನೂ ಒಂದೇ ಉಸಿರಿಗೆ ಓದಿದೆ. ನನಗೆ ಇದರ ಗಂಧಗಾಳಿ ಇಲ್ಲ. ಎಲ್ಲಿಂದ ಶುರು ಮಾಡಲಿ? ಭಾಗಗಳ ನಡುವೆ ಚಪ್ಪಾಳೆ ತಟ್ಟಬಾರದು ಅಂತಾರೆ, ಅಂಥ ನಿಯಮಗಳನ್ನು ಕೇಳಿದರೇ ಹಿಂಜರಿಕೆ.

ಎರಡನೇ_ಪಿಟೀಲು

ಚಪ್ಪಾಳೆಗೆ ಹೆದರಬೇಡಿ. ಬೀಥೋವನ್‌ನ ಏಳನೇ ಸಿಂಫೊನಿಯನ್ನು 1813ರಲ್ಲಿ ಮೊದಲ ಸಲ ನುಡಿಸಿದಾಗ ಎರಡನೇ ಭಾಗ ಮುಗಿಯುತ್ತಲೇ ಜನ ಗದ್ದಲ ಮಾಡಿ ಅದನ್ನೇ ಮತ್ತೊಮ್ಮೆ ನುಡಿಸಿಸಿದರು. ಈಗಿನ ಮೌನ ಆಮೇಲೆ ಬಂದದ್ದು. ನುಡಿಸುವ ನಮಗೆ ತಪ್ಪಿದ ಚಪ್ಪಾಳೆಯಿಂದ ಬೇಸರವಿಲ್ಲ, ಯಾರೋ ಹೊಸಬರು ಬಂದಿದ್ದಾರೆ ಅಂತ ಖುಷಿಯಾಗುತ್ತದೆ.

ಶುರು ಮಾಡಲು ಹೈಡನ್‌ನ 45ನೇ ಸಿಂಫೊನಿಯ ಕೊನೆಯ ಭಾಗ. ಸಾಧ್ಯವಾದರೆ ವಿಡಿಯೊ ನೋಡಿ. 1772ರಲ್ಲಿ ಅವನ ಒಡೆಯ ಎಸ್ಟರ್‌ಹಾಜಿ ರಾಜಕುಮಾರ ಬೇಸಿಗೆಯ ಅರಮನೆ ಬಿಟ್ಟು ಹೊರಡುವ ಲಕ್ಷಣವೇ ಕಾಣಲಿಲ್ಲ. ವಾದಕರಿಗೆ ಹೆಂಡತಿ ಮಕ್ಕಳನ್ನು ನೋಡುವ ಹಂಬಲ. ಬಾಯಿಬಿಟ್ಟು ಕೇಳುವ ಹಾಗಿಲ್ಲ. ಹೈಡನ್ ಕೊನೆಯ ಭಾಗವನ್ನು ಹೇಗೆ ಬರೆದ ಅಂದರೆ, ಒಬ್ಬೊಬ್ಬರೇ ತಮ್ಮ ಪಾಲು ಮುಗಿಸಿ, ಮೇಣದಬತ್ತಿ ಆರಿಸಿ ಎದ್ದು ಹೋಗುತ್ತಾರೆ. ಕೊನೆಗೆ ಎರಡೇ ಪಿಟೀಲು. ರಾಜಕುಮಾರನಿಗೆ ಅರ್ಥವಾಯಿತು, ಮರುದಿನವೇ ಎಲ್ಲರೂ ಹೊರಟರು. ಇದಕ್ಕೆ ಸಂಗೀತದ ಜ್ಞಾನ ಬೇಕಿಲ್ಲ, ಊರಿಗೆ ಹೋಗಬೇಕು ಅನ್ನಿಸಿದ ನೆನಪಿದ್ದರೆ ಸಾಕು.

ಏಕಾಂತಿ

ನಿನ್ನೆ ಕ್ಯಾಂಟೀನಿನಲ್ಲಿ ಒಬ್ಬಳು “ಏನು ಕೇಳ್ತಿದ್ದೀಯಾ” ಅಂದಳು. ದ್ವೊರ್ಝಾಕ್ ಅಂದೆ. ಒಂದು ಕಿವಿಯ ಇಯರ್‌ಬಡ್ ಅವಳಿಗೆ ಕೊಟ್ಟೆ. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.

ತಾಳಪ್ರಿಯೆ

ಚೈಕೋವ್‌ಸ್ಕಿಯ ಆರನೆಯದನ್ನು ಪೂರ್ತಿ ಕೇಳಿದೆ. ಧ್ವನಿಮೇಜು ಅವರು ಹೇಳಿದ ಹಾಗೆ ರಾತ್ರಿ, ಕೋಣೆಯ ಬಾಗಿಲು ಹಾಕಿ. ಬಸೂನ್ ಜಾಗದಲ್ಲಿ ಉಸಿರು ಬಿಗಿಹಿಡಿದು ಕಾದಿದ್ದೆ, ಆದರೂ ಬೆಚ್ಚಿಬಿದ್ದೆ. ಮೂರನೇ ಭಾಗದಲ್ಲಿ ಕಾಲು ತಾನಾಗಿ ಹೆಜ್ಜೆ ಹಾಕಿತು, ಅದು ಮುಗಿದಾಗ ಎಲ್ಲ ಮುಗಿಯಿತು ಅಂದುಕೊಂಡು ಎದ್ದುಬಿಟ್ಟೆ. ಆಗ ಆ ಸಾಲು ಶುರುವಾಯಿತು. ನಿಂತೇ ಕೇಳಿದೆ. ಹೆಡ್‌ಫೋನಿನಲ್ಲಿ ಒಂದು ಸ್ವರ ಈ ಕಡೆಯಿಂದ, ಒಂದು ಆ ಕಡೆಯಿಂದ. ಎರಡು ಗುಂಪನ್ನೂ ಎದುರುಬದುರು ಕೂರಿಸಿದ ಧ್ವನಿಮುದ್ರಣ ಅದು. ಕೊನೆಗೆ ಚೆಲ್ಲೊ, ಬಾಸ್ ಇಳಿಯುತ್ತಾ ಹೋಗಿ ಯಾವಾಗ ನಿಂತವೋ ಗೊತ್ತಾಗಲಿಲ್ಲ. ಇನ್ನೂ ಇದೆಯೇನೋ ಅಂತ ವಾಲ್ಯೂಮ್ ಏರಿಸಿದೆ. ಮುಗಿದಿತ್ತು.

ನಾಳೆಯಿಂದಲೂ ನಾನು ಹಾಡುಗಳಿಗೇ ಕುಣಿಯುವವಳು. ಅದು ಬದಲಾಗುವುದಿಲ್ಲ.

ಮಂದ್ರಸ್ಥಾಯಿ

ಬದಲಾಗುವುದು ಬೇಡವೇ ಬೇಡ. ನೀವು ನನಗೆ ಬೇರೆಯಾಗಿ ಕಳಿಸಿದ ಹಾಡನ್ನು ನಾನೂ ಐದು ಸಲ ಕೇಳಿದೆ. ಮೂರನೇ ಸಲ ಪಲ್ಲವಿ ಬಂದಾಗ ಡ್ರಮ್ ತೆಗೆದುಬಿಟ್ಟಿದ್ದಾರೆ, ಗಾಯಕಿಯ ದನಿ ಮತ್ತು ಬಾಸ್ ಮಾತ್ರ ಇದೆ. ಅದೇ ಸಾಲು, ಆದರೆ ಈ ಸಲ ಅವಳಿಗೆ ಆ ಮಾತಿನಲ್ಲಿ ನಂಬಿಕೆ ಹೋಗಿದೆ ಅನ್ನಿಸಿತು. ಹಾಡನ್ನು ಮೊದಲೆರಡು ಸಲ ಕೇಳಿದಾಗ ಅದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಮನೆಗೆಲಸ ಮಾಡುತ್ತಾ ಕೇಳಿದ್ದೆ.

ಸ್ನೇಹಿತನಿಗೆ ಈ ಚರ್ಚೆಯ ಕೊಂಡಿ ಕಳಿಸಿದ್ದೇನೆ. ಭಾನುವಾರ ಸಂಜೆ ಬರುತ್ತೇನೆ, ಅರ್ಧ ಗಂಟೆ ಫೋನ್ ಮುಟ್ಟುವುದಿಲ್ಲ ಅಂದಿದ್ದಾನೆ. ಬ್ರಾಮ್ಸ್ ಬೇಡ, ಐದನೆಯದನ್ನೇ ಹಾಕುತ್ತೇನೆ, ಮೊದಲ ನಾಲ್ಕು ಸ್ವರದಿಂದ.